ಬಾವನ ಕುದ್ರು, ಬಾವನ ಐಸ್‌ಲ್ಯಾಂಡ್

ಧೈರ್ಯವಿದ್ದರೆ ನಂಬದೆ ಇರಿ ನೋಡೋಣ! ಎರಡು ಸಾವಿರದ ಹದಿನಾರರ ಇಡೀ ವರ್ಷ ನನ್ನ ಬಾವ ಕುವೈತಿನ ಬ್ನೇದ್ ಅಲ್ ಗಾರ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂತು ಐಸ್‌ಲ್ಯಾಂಡ್ ದೇಶವನ್ನು ನಡೆಸಿದರು. ಅಲ್ಲಿಯ ಪ್ರಧಾನಿ ಕುರ್ಚಿ ಬಿಟ್ಟಿದ್ದು, ಇತಿಹಾಸದ ಮೇಷ್ಟ್ರೊಬ್ಬರು ರಾಷ್ಟ್ರಾಧ್ಯಕ್ಷರಾದದ್ದು, ಫುಟ್‌ಬಾಲಿನಲ್ಲಿ ಇಂಗ್ಲೆಂಡ್ ಮಣ್ಣುಮುಕ್ಕಿದ್ದು, ಹೆಂಗಸರು ಕೆಲಸ ಬಿಟ್ಟು ಬೀದಿಗೆ ಬಂದದ್ದು, ಎಲ್ಲವೂ ಬಾವನ ಮೇಲ್ವಿಚಾರಣೆಯಲ್ಲೇ ಆದದ್ದು. ಐಸ್‌ಲ್ಯಾಂಡಿನವರಿಗೆ ಈ ವಿಷಯ ಗೊತ್ತಿಲ್ಲ, ಅಷ್ಟೇ. ಅದು ಅವರ ತಪ್ಪು.

ಆ ವರ್ಷದ ಅತಿ ದೊಡ್ಡ ಗೆಲುವಿನ ಹಿಂದೆ ಮಾತ್ರ ನನ್ನ ಕೈ ಇತ್ತು. ಅದನ್ನೂ ಹೇಳುತ್ತೇನೆ. ಈ ಕತೆಯಲ್ಲಿ ಒಂದೇ ಒಂದು ಸುಳ್ಳಿದೆ, ಕೊನೆಗೆ ನಾನೇ ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಮೊದಲೇ ಹಿಡಿದವರಿಗೆ ನನ್ನ ಕಡೆಯಿಂದ ಒಂದು ಪ್ಲೇಟ್ ಗೋಳಿಬಜೆ!

ಬಾವ ಅಂದರೆ ನನ್ನ ಅಕ್ಕನ ಗಂಡ. ನಮ್ಮ ಉಡುಪಿ ಕಡೆ ಅವರೂ ನನಗೆ ಬಾವ, ನಾನೂ ಅವರಿಗೆ ಬಾವ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಅಕ್ಕನ ಮನೆಯ ಮೀನುಸಾರಿಗೆ ನಾನು ಜೀವಮಾನವಿಡೀ ಎಳ್ಳುನೀರು ಬಿಡಬೇಕಾಗುತ್ತದೆ. ಬಾವ ಕಡ್ಡಿಯ ಹಾಗಿನ ಮನುಷ್ಯ. ಕೆಲಸ ಸಬ್ಹಾನಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಮೀನು, ಕೋಳಿ, ಬಟಾಣಿ ಎಲ್ಲ ಕಲ್ಲಾಗಿ ಕೂತಿರುವ ಗೋದಾಮಿಗೆ ಸೂಪರ್‌ವೈಸರ್. ಹೊರಗೆ ಐವತ್ತು ಡಿಗ್ರಿ, ಒಳಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ಹಾಗಾಗಿ ಕುವೈತಿನ ಜೂನ್ ತಿಂಗಳಲ್ಲಿ ಮಂಕಿ ಕ್ಯಾಪು, ದಪ್ಪ ಜಾಕೆಟ್ಟು ಹಾಕಿಕೊಂಡು ಬಸ್ಸಿಗೆ ಕಾಯುವ ಒಬ್ಬ ಮನುಷ್ಯನನ್ನು ನೀವು ಎಂದಾದರೂ ಕಂಡಿದ್ದರೆ, ಅದು ಹುಚ್ಚನಲ್ಲ, ನನ್ನ ಬಾವ. ಗೋದಾಮಿನಿಂದ ಹೊರಬಿದ್ದ ಮೇಲೂ ಜಾಕೆಟ್ ಕಳಚುವವರೇ ಅಲ್ಲ!

"ಸೆಕೆ ಆಗುದಿಲ್ವಾ ಬಾವ?" ಅಂತ ಒಮ್ಮೆ ಕೇಳಿದೆ.

"ಒಳಗೆ ತುಂಬಿಸಿಕೊಂಡ ತಂಪು ಹೊರಗೆ ಹೋಗ್ಬಾರ್ದಲ್ಲ ಮಾರಾಯ! ಥರ್ಮಾಸಿಗೆ ಮುಚ್ಚಳ ಹಾಕುದು ಎಂತಕ್ಕೆ?"

ಇಂಥವರಿಗೆ ಐಸ್‌ಲ್ಯಾಂಡಿನ ಹುಚ್ಚು ಹಿಡಿಯದೆ ಸೌದಿಯ ಹುಚ್ಚು ಹಿಡಿಯುತ್ತದೆಯೇ?

ಹಿಡಿದದ್ದು ಒಂದು ಮೀನಿನ ಪೆಟ್ಟಿಗೆಯಿಂದ. ಐಸ್‌ಲ್ಯಾಂಡಿನಿಂದ ಬಂದ ರಟ್ಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಆ ದೇಶದ ನಕ್ಷೆ ಇತ್ತಂತೆ. ಬಾವ ಅದನ್ನು ಬ್ಲೇಡಿನಲ್ಲಿ ಕತ್ತರಿಸಿ ತಂದು ಟಿವಿಯ ಪಕ್ಕದ ಗೋಡೆಗೆ ಅಂಟಿಸಿದರು. ಮನೆಯಿಡೀ ಮೀನಿನ ವಾಸನೆ. ಅಕ್ಕ ಮೂಗು ಮುಚ್ಚಿಕೊಂಡು, "ಇದೆಂತ ಸಾವು?" ಅಂದಳು.

"ಸರಿಯಾಗಿ ನೋಡು. ಇದು ನಮ್ಮ ಕುದ್ರು ಅಲ್ವಾ?"

ಕುದ್ರು ಅಂದರೆ ಹೊಳೆಯ ನಡುವಿನ ದ್ವೀಪ. ಬಾವ ಹುಟ್ಟಿದ್ದು ಅಂಥದೊಂದು ಕುದ್ರಿನಲ್ಲಿ. ನಾನೂ ಅಕ್ಕನೂ ಹುಟ್ಟಿದ್ದು ಅದೇ ಹೊಳೆಯ ದಡದ ದೊಡ್ಡ ಊರಿನಲ್ಲಿ. ಬಾವನ ಕುದ್ರಿನಲ್ಲಿ ನಿಂತು ಈಚೆ ಕಡೆ ಜೋರಾಗಿ ಸೀನಿದರೆ ಆಚೆ ಕಡೆಯವರು "ಶತಾಯುಸ್ಸು" ಅನ್ನುತ್ತಾರೆ, ಅಷ್ಟು ದೊಡ್ಡದು! ನಕ್ಷೆಯನ್ನು ತಲೆಕೆಳಗಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಬಾವನ ಮೇಲಿನ ಗೌರವದಿಂದ ನೋಡಿದರೆ ಆ ಕುದ್ರು ಐಸ್‌ಲ್ಯಾಂಡಿನ ಹಾಗೆ ಕಂಡೀತು. ಬಾವನಿಗೆ ಅಷ್ಟು ಸಾಕಾಯಿತು. ಅಲ್ಲಿಯೂ ಸುತ್ತ ನೀರು, ಇಲ್ಲಿಯೂ ಸುತ್ತ ನೀರು. ಅಲ್ಲಿಯೂ ಮೂರು ಹೊತ್ತು ಮೀನು, ಇಲ್ಲಿಯೂ ಮೂರು ಹೊತ್ತು ಮೀನು. ಅಲ್ಲಿಯೂ ಎಲ್ಲರಿಗೆ ಎಲ್ಲರೂ ನೆಂಟರು, ಇಲ್ಲಿಯೂ ಹಾಗೆಯೇ. ಇನ್ನೇನು ಬೇಕು?

ಇಷ್ಟೇ ಆಗಿದ್ದರೆ ನಗಾಡಿ ಬಿಟ್ಟುಬಿಡಬಹುದಿತ್ತು. ಆದರೆ ಆ ವರ್ಷದ ಆರಂಭದಲ್ಲಿ ಒಂದು ಗಲಾಟೆಯಾಯಿತು.

ಕುವೈತಿನಲ್ಲಿ ನಮ್ಮ ಕರಾವಳಿಯವರಿಗೆ ಊರಿಗೊಂದು ಸಂಘ. ಎಲ್ಲ ಸಂಘಗಳ ಮೇಲೆ ಒಂದು ಒಕ್ಕೂಟ. ನಮ್ಮ ದಡದ ಸಂಘವೆಂದರೆ ಜಾತ್ರೆ, ಇನ್ನೂರಕ್ಕೂ ಹೆಚ್ಚು ಮನೆ. ಬಾವನ ಕುದ್ರು ಸಂಘದಲ್ಲಿ ತುಳುವಿನವರು, ಕೊಂಕಣಿ ಮಾತಾಡುವ ಕ್ಯಾಥೊಲಿಕರು ಎಲ್ಲ ಸೇರಿ ಒಂದು ಮಿನಿಬಸ್ಸು ತುಂಬುವಷ್ಟು ಜನ. ಅಧ್ಯಕ್ಷರು ಯಾರೆಂದು ಕೇಳಬೇಡಿ. ಬೇರೆ ಯಾರೂ ಒಪ್ಪಿರಲಿಲ್ಲ. ಒಕ್ಕೂಟದ ಸಭೆಯಲ್ಲಿ ನಮ್ಮ ದಡದ ಸಂಘದ ಅಧ್ಯಕ್ಷರು ಎದ್ದು ಹೊಟ್ಟೆ ಸವರಿಕೊಂಡು ಹೇಳಿದರು:

"ಈ ಚಿಲ್ಲರೆ ಸಂಘಗಳು ಎಂತಕ್ಕೆ? ಕುದ್ರಿನವರು ನಮ್ಮೊಟ್ಟಿಗೆ ಸೇರ್ಲಿ. ಹಗ್ಗ ಎಳೀಲಿಕ್ಕೆ ಎಂಟು ಜನ ಸಿಕ್ಕುದಿಲ್ಲ ಅವರಿಗೆ. ಬೇರೆ ಬ್ಯಾನರ್ ಬೇರೆ ಕೇಡು!"

ಮಾತು ಚುಚ್ಚುವಂಥದ್ದೇ. ವರ್ಷಕ್ಕೊಮ್ಮೆ ಚಳಿಗಾಲದ ಪಿಕ್‌ನಿಕ್‌ನಲ್ಲಿ ಒಕ್ಕೂಟದ ಹಗ್ಗಜಗ್ಗಾಟ. ಅಲ್ಲಿ ಕುದ್ರಿನವರು ಪ್ರತಿ ವರ್ಷ ಬೇರೆಯವರಿಂದ ಸಾಲ ತಂದ ಆಳುಗಳನ್ನು ನಿಲ್ಲಿಸಿ, ಪ್ರತಿ ವರ್ಷ ನಮ್ಮ ಮುಂದೆ ಮೂಗು ಕೆಳಗಾಗಿ ಬೀಳುತ್ತಿದ್ದರು. ನಮ್ಮ ತಂಡದಲ್ಲಿ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಕಂಬದ ಹಾಗೆ ನಿಲ್ಲುತ್ತಿದ್ದವನು ಯಾರು? ನಾನೇ! ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಕ್ರೇನು, ಹಗ್ಗ, ಸರಪಳಿಗಳ ಫೋರ್ಮನ್. ನಾನು ನಿಂತ ಜಾಗದಿಂದ ನನ್ನನ್ನು ಅಲುಗಾಡಿಸಬೇಕಾದರೆ ಕಂಪೆನಿಯ ಪರ್ಮಿಟ್ ಬೇಕು ಅಂತ ಜನ ಹೇಳುತ್ತಿದ್ದರು. ಜನ ಹೇಳದಿದ್ದಾಗ ನಾನೇ ಹೇಳುತ್ತಿದ್ದೆ.

ಬಾವ ಎದ್ದು ನಿಂತರು. ಮಂಕಿ ಕ್ಯಾಪಿನೊಳಗಿಂದ ಧ್ವನಿ ಬಂತು.

"ಈ ವರ್ಷದ ಪಿಕ್‌ನಿಕ್‌ನಲ್ಲಿ ನಮ್ಮ ಜನವೇ ಎಂಟು ಮಂದಿ ನಿಂತು ನಿಮ್ಮನ್ನು ಎಳೆಯದಿದ್ರೆ, ನಾನೇ ಬ್ಯಾನರ್ ಮಡಚಿ ನಿಮ್ಮ ಕೈಗೆ ಕೊಡ್ತೇನೆ. ಖಲಾಸ್!"

ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಕುದ್ರು ಸಂಘದಲ್ಲಿ ಆಗ ಹಗ್ಗ ಹಿಡಿಯಬಲ್ಲ ಗಂಡಸರು ಆರೇ ಮಂದಿ, ಅವರಲ್ಲಿ ಒಬ್ಬರು ನನ್ನ ಬಾವ!

ಏಪ್ರಿಲ್ ಬಂತು. ಎಲ್ಲಿಯೋ ಸೋರಿದ ಕಾಗದಪತ್ರಗಳಿಂದಾಗಿ ಐಸ್‌ಲ್ಯಾಂಡಿನ ಪ್ರಧಾನಿಯ ಮೇಲೆ ಜನ ಸಿಟ್ಟಾಗಿ, ಪಾರ್ಲಿಮೆಂಟಿನ ಮುಂದೆ ಸೇರಿ ಮೊಸರು, ಬಾಳೆಹಣ್ಣು ಎಸೆದರು. ಪ್ರಧಾನಿ ಕುರ್ಚಿಯಿಂದ ಇಳಿದರು. ಅಂದು ಸಂಜೆ ಬಾವ ಕುದ್ರು ಸಂಘದ ತುರ್ತು ಸಭೆ ಕರೆದು ತಾವೂ ರಾಜೀನಾಮೆ ಕೊಟ್ಟರು!

"ನೀವು ಎಂತ ತಪ್ಪು ಮಾಡಿದ್ದು ಮಾರ್ರೆ?" ಸದಸ್ಯರಿಗೆ ಗಾಬರಿ.

"ತಪ್ಪು ಮಾಡ್ಲಿಲ್ಲ. ಆದ್ರೆ ಅಲ್ಲಿ ಪ್ರಧಾನಿಯೇ ಇಳಿದ ಮೇಲೆ ಇಲ್ಲಿ ನಾನು ಕೂತಿರುದು ಚಂದವಾ?"

ಹೊಸ ಅಧ್ಯಕ್ಷರಾಗಲು ಯಾರೂ ಮುಂದೆ ಬರಲಿಲ್ಲ. ಅರ್ಧ ಗಂಟೆ ಕಾದು, ಚಾ ಕುಡಿದು, ಬಾವ ತಮ್ಮ ರಾಜೀನಾಮೆಯನ್ನು ತಾವೇ ತಿರಸ್ಕರಿಸಿದರು. ಅಕ್ಕ ಫ್ರಿಜ್ಜಿನಿಂದ ಮೊಸರಿನ ಡಬ್ಬಿ ಹೊರಗೆ ತೆಗೆದದ್ದೂ ಅದಕ್ಕೆ ಒಂದು ಕಾರಣವಿರಬಹುದು.

ಆಮೇಲೆ ಜೂನ್. ರಮ್ಜಾನಿನ ತಿಂಗಳು, ಯುರೋಪಿನ ಫುಟ್‌ಬಾಲು. ಮಂಗಳೂರಿನಷ್ಟೂ ಜನವಿಲ್ಲದ ದೇಶ ಫ್ರಾನ್ಸಿಗೆ ಬಂದು ದೊಡ್ಡ ದೊಡ್ಡ ದೇಶಗಳ ಜೊತೆ ಸರಿಸಮ ಆಡಿ, ಕೊನೆಗೆ ಇಂಗ್ಲೆಂಡಿನ ಎದುರು ಬಂದು ನಿಂತಿತು. ನಾನು ಬೇಕೆಂದೇ ಬಿಳಿ ಬನಿಯನ್ ಹಾಕಿಕೊಂಡು ಬಾವನ ಮನೆಗೆ ಹೋದೆ. ಇಂಗ್ಲೆಂಡಿನ ಬಣ್ಣ ಅದು.

"ಬಾವ, ಪಂಥ. ಇಂಗ್ಲೆಂಡ್ ಗೆದ್ರೆ ನೀವು ಒಂದು ವಾರ ಮಂಕಿ ಕ್ಯಾಪ್ ಹಾಕ್ಲಿಕ್ಕಿಲ್ಲ."

"ಸೋತ್ರೆ?"

"ಸೋತ್ರೆ ನಿಮ್ಮ ಜಾಕೆಟು, ಕ್ಯಾಪು ಹಾಕ್ಕೊಂಡು ಮಧ್ಯಾಹ್ನ ಬಸ್‌ಸ್ಟಾಪಿನಲ್ಲಿ ನಾನು ನಿಲ್ತೇನೆ!"

ಆಟ ಶುರುವಾಗಿ ನಾನು ಸೋಫಾದಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಇಂಗ್ಲೆಂಡಿಗೆ ಒಂದು ಗೋಲು. ನಾನು ಕುಣಿದೆ. ಬಾವ ಅಲುಗಾಡಲಿಲ್ಲ. ಕುಣಿದವನು ಕೂರುವ ಮೊದಲೇ ಐಸ್‌ಲ್ಯಾಂಡ್ ಗೋಲು ಹೊಡೆಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು! ಅಲ್ಲಿಂದ ಮುಂದೆ ಇಂಗ್ಲೆಂಡಿನವರು ಕಳೆದುಹೋದ ಕೀಲಿಕೈ ಹುಡುಕುವ ಹಾಗೆ ಚೆಂಡನ್ನು ಹುಡುಕಿದ್ದೇ ಬಂತು. ಸೀಟಿ ಊದಿದಾಗ ಬಾವ ಸೋಫಾದ ಮೇಲೆ ಹತ್ತಿ ನಿಂತಿದ್ದರು. ಎರಡೂ ಕೈ ಆಕಾಶಕ್ಕೆ ಎತ್ತಿ ಒಂದು ಚಪ್ಪಾಳೆ. "ಹೂ!" ಮೌನ. ಮತ್ತೊಂದು ಚಪ್ಪಾಳೆ. "ಹೂ!" ಟಿವಿಯೊಳಗೆ ಐಸ್‌ಲ್ಯಾಂಡಿನ ಸಾವಿರಾರು ಜನ, ಟಿವಿಯ ಹೊರಗೆ ನನ್ನ ಒಬ್ಬ ಬಾವ, ತಾಳ ಮಾತ್ರ ಒಂದೇ. ಕೆಳಗಿನ ಮನೆಯ ಈಜಿಪ್ಟಿನವರು ಏನೋ ಬಿದ್ದಿತೆಂದು ಮೇಲೆ ಓಡಿಬಂದರು. ವಿಷಯ ತಿಳಿದು ಅವರೂ ಎರಡು ಚಪ್ಪಾಳೆ ತಟ್ಟಿಯೇ ಹೋದರು!

ಮರುದಿನ ಮಧ್ಯಾಹ್ನ ನಾನು ಬಸ್‌ಸ್ಟಾಪಿನಲ್ಲಿ ಜಾಕೆಟ್ಟಿನೊಳಗೆ ನಿಂತೆ. ನಿಂತೆ ಅನ್ನುವುದಕ್ಕಿಂತ ಬೆಂದೆ ಅನ್ನುವುದೇ ಸರಿ. ಒಬ್ಬ ಟ್ಯಾಕ್ಸಿಯವನು ಗಾಡಿ ನಿಲ್ಲಿಸಿ, ಕರುಣೆಯಿಂದ ಕೇಳಿದ: "ಭಾಯಿ, ಹಾಸ್ಪಿಟಲ್ ಚಲೋ?" ಬಾವ ಎದುರಿನ ಬಕಾಲ ಅಂಗಡಿಯ ಎಸಿಯಲ್ಲಿ ತಂಪಾಗಿ ನಿಂತು ನನಗೆ ಕೈ ಬೀಸುತ್ತಿದ್ದರು.

ಸೇಡು ಬೇಡವೇ? ಅದೇ ವಾರ ಅಲ್ಲಿಗೆ ಹೊಸ ರಾಷ್ಟ್ರಾಧ್ಯಕ್ಷರು ಆರಿಸಿ ಬಂದಿದ್ದರಲ್ಲ, ಇತಿಹಾಸದ ಮೇಷ್ಟ್ರು? ನಾನು ಬಾಯಿಗೆ ಕರವಸ್ತ್ರ ಹಿಡಿದು, ಗೆಳೆಯನೊಬ್ಬನ ಫೋನಿನಿಂದ ಬಾವನಿಗೆ ಕರೆ ಮಾಡಿ, ದೊರೆಗಳ ಇಂಗ್ಲಿಷಿನಲ್ಲಿ ಶುರುಮಾಡಿದೆ: ಅಧ್ಯಕ್ಷರ ಕಚೇರಿಯಿಂದ ಮಾತಾಡುತ್ತಿದ್ದೇವೆ, ಮರಳುಗಾಡಿನ ತಮ್ಮ ಬೆಂಬಲಕ್ಕೆ ನಮ್ಮ ದೇಶ ಚಿರಋಣಿ, ಇತ್ಯಾದಿ. ಬಾವ ಎದ್ದು ನಿಂತದ್ದು ಫೋನಿನಲ್ಲೇ ಗೊತ್ತಾಯಿತು. "ಯೆಸ್ ಸರ್, ಥ್ಯಾಂಕ್ಯೂ ಸರ್" ಅನ್ನುತ್ತ ಹೋದರು. ಕುದ್ರಿನ ವಿಷಯ ಹೇಳಿದರು. ಮೀನಿನ ಪೆಟ್ಟಿಗೆಯ ಅಂಟಿನ ಪಟ್ಟಿ ಸ್ವಲ್ಪ ಸುಧಾರಿಸಬೇಕೆಂದು ಸಲಹೆಯನ್ನೂ ಕೊಟ್ಟರು. ನಾನು ನಗು ತಡೆಯಲಾರದೆ ಕಣ್ಣೀರು ಹಾಕುತ್ತಿದ್ದೆ. ಕೊನೆಗೆ ಬಾವ ತುಂಬ ವಿನಯದಿಂದ ಕನ್ನಡದಲ್ಲೇ ಕೇಳಿದರು:

"ಸರ್, ಒಂದು ಡೌಟ್. ನಿಮ್ಮ ಹಿಂದಿನಿಂದ ಯಾರೋ 'ಯಲ್ಲಾ ಯಲ್ಲಾ, ಕ್ರೇನ್ ಹಿಂದೆ ತಕೊಳ್ಳಿ' ಅಂತ ಕೂಗ್ತಾ ಇದ್ದಾರೆ. ಅಧ್ಯಕ್ಷರ ಮನೆಯಲ್ಲಿ ಕ್ರೇನ್ ಎಂತಕ್ಕೆ?"

ಫೋನ್ ಇಟ್ಟೆ.

ಜುಲೈ ಮೊದಲ ವಾರದಲ್ಲಿ ಫ್ರಾನ್ಸ್ ನನ್ನ ಮಾನ ಕಾಪಾಡಿತು. ಐಸ್‌ಲ್ಯಾಂಡಿಗೆ ಐದು ಗೋಲು ಬಾರಿಸಿ ಮನೆಗೆ ಕಳಿಸಿತು! ಮರುದಿನ ಕೇಕು ಹಿಡಿದುಕೊಂಡು ಸಂತಾಪ ಸೂಚಿಸಲು ಹೋದೆ. ಬಾವ ಹೂವಿನ ಹಾಗೆ ಅರಳಿ ಕೂತಿದ್ದರು. ಟಿವಿಯಲ್ಲಿ ಸೋತ ತಂಡವನ್ನು ಊರಿಗೆ ಊರೇ ಸೇರಿ ಮೆರವಣಿಗೆ ಮಾಡುತ್ತಿತ್ತು.

"ಐದು ಗೋಲು ಬಾವ, ಐದು!"

"ಹೌದು ಮಾರಾಯ. ಎರಡು ನಮ್ಮದೂ ಉಂಟು. ಆದ್ರೆ ಇನ್ನು ಈ ಹೆಸರನ್ನು ಯಾರೂ ಮರೀಲಿಕ್ಕಿಲ್ಲ ನೋಡು." ಟಿವಿಯ ಧ್ವನಿ ತಗ್ಗಿಸಿ ಅವರೇ ಮುಂದುವರಿಸಿದರು. "ನಮ್ಮ ಕುದ್ರಿಗೆ ಮೊದಲು ದೋಣಿ ಇತ್ತಲ್ಲ? ದೋಣಿಯವನು ನಿಮ್ಮ ದಡದಲ್ಲಿ ನಿಂತು ನಮ್ಮ ಕುದ್ರಿನ ಹೆಸರು ಕೂಗ್ತಿದ್ದ. ದಿನಕ್ಕೆ ಎಷ್ಟೋ ಸಲ. ಸೇತುವೆ ಬಂತು, ಒಳ್ಳೇದೇ ಆಯ್ತು. ಆದ್ರೆ ಬಸ್ಸಿನ ಬೋರ್ಡಿನಲ್ಲಿ ನಿಮ್ಮ ಊರಿನ ಹೆಸರು. ಶಾಲೆ ಮುಚ್ಚಿತು, ಗೋಡೆ ಮೇಲಿದ್ದ ಹೆಸರೂ ಹೋಯ್ತು. ಈಗ ಎಲ್ಲಿಯಾದ್ರೂ ಆ ಹೆಸರು ದೊಡ್ಡ ಅಕ್ಷರದಲ್ಲಿ ಬರೆದದ್ದು ಉಂಟಾದ್ರೆ ನಮ್ಮ ಬ್ಯಾನರಿನಲ್ಲಿ ಮಾತ್ರ ಬಾವ. ಇಲ್ಲಿ, ಕುವೈತಿನಲ್ಲಿ."

ಜೀವನದಲ್ಲಿ ನನಗೆ ತಮಾಷೆ ಹೊಳೆಯದೆ ಇದ್ದ ಸಂದರ್ಭಗಳು ಬಹಳ ಕಡಿಮೆ. ಅಂದು ನಾನು ತಂದ ಕೇಕನ್ನು ನಾನೇ ತಿಂದೆ.

ಬಾವನ ಮೇಲೆ ಹುಟ್ಟಿದ ಆ ಕನಿಕರ ನಾನು ಸಬ್ಹಾನಿನ ಗೋದಾಮಿಗೆ ಹೋಗುವವರೆಗೆ ಮಾತ್ರ ಉಳಿಯಿತು. ಸೆಪ್ಟೆಂಬರಿನಲ್ಲಿ ಕುದ್ರಿನವರ ತಾಲೀಮು ಶುರುವಾಯಿತು. ಐಸ್‌ಲ್ಯಾಂಡ್ ತಂಡದ ಕೋಚ್ ಒಬ್ಬ ಹಲ್ಲಿನ ಡಾಕ್ಟರು ಅಂತ ಬಾವ ಓದಿದ್ದರು. ಕುದ್ರಿಗೂ ಹಲ್ಲಿನ ಡಾಕ್ಟರೇ ಬೇಕು! ಹುಡುಕಿದರೆ ಸಿಕ್ಕಿದ್ದು ಕೊಂಕಣಿ ಮಾತಾಡುವ ಕುದ್ರಿನ ಒಬ್ಬ ಬಾಯಮ್ಮ (ಕ್ಯಾಥೊಲಿಕ್ ಹೆಂಗಸರನ್ನು ನಮ್ಮ ಕಡೆ ಕರೆಯುವುದು ಹಾಗೆ), ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್.

"ಅಯ್ಯೋ, ನಾನು ಅಪಾಯಿಂಟ್‌ಮೆಂಟ್ ಕೊಡುವವಳು ಮಾತ್ರ!" ಅಂತ ಬಾಯಮ್ಮ ಗೋಗರೆದರು.

"ಅಷ್ಟು ಸಾಕು. ನೋವಿದ್ದವರನ್ನು ಕಾಯಿಸ್ಲಿಕ್ಕೆ ನಿಮಗೆ ಬರ್ತದಲ್ಲ? ಹಗ್ಗದಲ್ಲಿಯೂ ಅದೇ ವಿದ್ಯೆ" ಅಂದರು ಬಾವ.

ಶುಕ್ರವಾರ ಬೆಳಿಗ್ಗೆ ನಾನು ಗೂಢಚಾರನಾಗಿ ಹೋಗಿ ನೋಡುತ್ತೇನೆ, ಗೋದಾಮಿನ ನೆರಳಿನಲ್ಲಿ ಒಂದು ಹಳೇ ಲಾರಿ. ಅದಕ್ಕೆ ಹಗ್ಗ ಕಟ್ಟಿ ಆರು ಗಂಡಸರು ಎಳೆಯುತ್ತಿದ್ದಾರೆ. ಮೀನಿನ ಪೆಟ್ಟಿಗೆಯ ಮೇಲೆ ನಿಂತ ಬಾಯಮ್ಮ ಕೈ ಎತ್ತಿ ಒಂದು ಚಪ್ಪಾಳೆ ಹೊಡೆದರೆ ಎಲ್ಲರೂ "ಹೂ!" ಅಂತ ಒಮ್ಮೆ ಎಳೆಯುವುದು. ಆಮೇಲೆ ಮೌನ. ಹಿಮ್ಮಡಿ ಊರಿ ಸುಮ್ಮನೆ ಹಿಂದಕ್ಕೆ ಒರಗುವುದು. ಮತ್ತೆ ಚಪ್ಪಾಳೆ. ಲಾರಿ ಕದಲಲಿಲ್ಲ. ಬಂಗಾಳಿ ವಾಚ್‌ಮನ್ ಓಡಿಬಂದು, "ಭಾಯಿ, ಗಾಡಿ ಖರಾಬ್? ಮೆಕ್ಯಾನಿಕ್ ಬುಲಾವೂ?" ಅಂದ. ನಾನು ಕಾರಿನ ಹಿಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆದರೆ ಹೊರಡುವಾಗ ಒಮ್ಮೆ ತಿರುಗಿ ನೋಡಿದೆ. ಲಾರಿ ಮೊದಲು ನಿಂತಲ್ಲಿ ಇರಲಿಲ್ಲ. ಗಾಳಿಗೆ ಜರುಗಿರಬೇಕು ಅಂದುಕೊಂಡೆ!

ಎಂಟರಲ್ಲಿ ಆರಾಯಿತು. ಇನ್ನಿಬ್ಬರು? ಅದನ್ನು ಬಗೆಹರಿಸಿದವರೂ ಐಸ್‌ಲ್ಯಾಂಡಿನವರೇ. ಅಕ್ಟೋಬರಿನ ಒಂದು ಮಧ್ಯಾಹ್ನ ಅಲ್ಲಿಯ ಹೆಂಗಸರು, ಗಂಡಸರಷ್ಟೇ ಸಂಬಳ ನಮಗೇಕಿಲ್ಲವೆಂದು ಕೆಲಸ ಅರ್ಧಕ್ಕೆ ಬಿಟ್ಟು ಹೊರನಡೆದರು. ಬಾವ ಆ ಸಂಜೆ ಸುದ್ದಿಯನ್ನು ಗಟ್ಟಿಯಾಗಿ ಓದಿ, "ಭಲೇ! ಹೆಂಗಸರೆಂದ್ರೆ ಹೀಗಿರ್ಬೇಕು!" ಅಂದರು. ನಾನೂ ಅಲ್ಲೇ ಇದ್ದೆ. ಶಾಲೆಯೊಂದರ ಆಫೀಸಿನಲ್ಲಿ ದಿನವಿಡೀ ದುಡಿದು ಬಂದು ಬಂಗುಡೆ ಕತ್ತರಿಸುತ್ತಿದ್ದ ಅಕ್ಕ, ಕತ್ತಿಯನ್ನು ಕೆಳಗಿಟ್ಟು, ಕೈ ತೊಳೆದು, ಬಂದು ಸೋಫಾದಲ್ಲಿ ಕೂತಳು.

"ಎಂತಾಯ್ತು?" ಬಾವ ಕೇಳಿದರು.

"ಎಂತ ಇಲ್ಲ. ನಿಮ್ಮ ದೇಶದವರು ಎದ್ದು ಹೋದ್ರಲ್ಲ, ನಾನೂ ಎದ್ದು ಬಂದೆ."

ಅಂದು ಸಾರು ಮಾಡಿದವರು ನಾನೂ ಬಾವನೂ. ಅದನ್ನು ಸಾರು ಅನ್ನಬಹುದಾದರೆ! ಅಕ್ಕ ಒಂದು ಚಮಚ ಬಾಯಿಗಿಟ್ಟು, ತಟ್ಟೆ ಬದಿಗೆ ಸರಿಸಿ, ಷರತ್ತು ಹಾಕಿದಳು: "ನಾನು ಅಡುಗೆಮನೆಗೆ ಬರ್ಬೇಕಾದ್ರೆ ಹಗ್ಗದಲ್ಲಿ ನಾನೂ ಉಂಟು. ಗಂಡಸರೇ ಆಗ್ಬೇಕು ಅಂತ ನಿಮ್ಮ ಒಕ್ಕೂಟದ ರೂಲ್ಸಿನಲ್ಲಿ ಎಲ್ಲಿ ಬರೆದುಂಟು?"

ಎಲ್ಲಿಯೂ ಬರೆದಿರಲಿಲ್ಲ. ಅಕ್ಕನ ಜೊತೆ ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಮಲಗಿಸಿ ತೋಳು ಉಕ್ಕಾಗಿದ್ದ ಕುದ್ರಿನ ನರ್ಸಮ್ಮನೂ ಸೇರಿದರು. ಎಂಟು! ಇನ್ನು ನಮ್ಮ ಮನೆತನದವರಿಗೆ ತೂಕದ ವಿಷಯದಲ್ಲಿ ದೇವರು ಎಂದೂ ಕಂಜೂಸು ಮಾಡಿದವನಲ್ಲ. ನನಗೆ ಕೊಟ್ಟದ್ದನ್ನೇ ಅಕ್ಕನಿಗೂ ಕೊಟ್ಟಿದ್ದ. ಕುದ್ರಿನ ಹಗ್ಗದ ತುದಿ ಅಕ್ಕನ ಸೊಂಟಕ್ಕೆ ಹೋಯಿತು. ಅಂದರೆ, ಈ ತುದಿಯಲ್ಲಿ ತಮ್ಮ, ಆ ತುದಿಯಲ್ಲಿ ಅಕ್ಕ.

ಡಿಸೆಂಬರಿನ ಒಂದು ಶುಕ್ರವಾರ. ವಫ್ರಾ ಕಡೆಯ ಒಂದು ತೋಟ. ಹಿತವಾದ ಬಿಸಿಲು, ಒಂದು ಕಡೆ ಕೋರಿರೊಟ್ಟಿ, ಒಂದು ಕಡೆ ಗೋಳಿಬಜೆ, ನಡುವೆ ಮರಳಿನ ಅಂಗಳದಲ್ಲಿ ಉದ್ದಕ್ಕೆ ಮಲಗಿದ ಹಗ್ಗ. ಎರಡು ಖರ್ಜೂರದ ಮರಗಳಿಗೆ ಬಾವ ತಮ್ಮ ಬ್ಯಾನರ್ ಕಟ್ಟಿದ್ದರು. ನೀಲಿ ಬಟ್ಟೆ, ಒಂದು ದೋಣಿಯ ಚಿತ್ರ, ಅದರ ಕೆಳಗೆ ಕುದ್ರಿನ ಹೆಸರು. ನಾಲ್ಕು ಮೂಲೆಗೂ ಎರಡೆರಡು ಗಂಟು.

ನಮ್ಮ ಅಧ್ಯಕ್ಷರು ಹೆಂಗಸರನ್ನು ಕಂಡು ತಕರಾರು ತೆಗೆದರು. "ಈಕೆ ನಮ್ಮ ಊರಿನ ಮಗಳಲ್ವಾ? ಕುದ್ರಿನವಳು ಹೇಗೆ ಆದದ್ದು?"

ಅಕ್ಕ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಮೂವತ್ತು ವರ್ಷ ಆಯ್ತು ನಾನು ಆ ದೋಣಿ ಹತ್ತಿ. ಅಂದು ದಡದಲ್ಲಿ ನಿಂತು 'ಇವಳು ನಮ್ಮವಳು' ಅಂತ ಹೇಳ್ಬೇಕಿತ್ತು ನೀವು. ಇವತ್ತಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ಚಪ್ಪಲಿ ಕಳಚು. ಜಾರಿ ಬಿದ್ರೆ ಅಮ್ಮನಿಗೆ ನಾನು ಉತ್ತರ ಕೊಡ್ಬೇಕು."

ಮೂರರಲ್ಲಿ ಎರಡು ಎಳೆತ ಗೆದ್ದವರಿಗೆ ಜಯ. ಮೊದಲನೆಯದನ್ನು ನಾವು ಸೀಟಿ ಊದಿದ ಕೂಡಲೇ ಎಳೆದು ಬಿಸಾಡಿದೆವು. ಎದುರಿಗೆ ಸಾಲಿನ ತಲೆಯಲ್ಲಿದ್ದ ಬಾವ ಮಂಕಿ ಕ್ಯಾಪಿನ ಸಮೇತ ಮರಳಿನಲ್ಲಿ ಮುಳುಗಿ ಎದ್ದರು. ನಮ್ಮ ಅಧ್ಯಕ್ಷರು ಆಗಲೇ ಬ್ಯಾನರಿನ ಗಂಟುಗಳ ಕಡೆ ನೋಡತೊಡಗಿದ್ದರು.

ಎರಡನೆಯ ಎಳೆತಕ್ಕೆ ಬಾಯಮ್ಮ ಐಸ್‌ಬಾಕ್ಸಿನ ಮೇಲೆ ಹತ್ತಿ ನಿಂತರು. ಸೀಟಿ. ನಾವು ಎಳೆದೆವು. ಅವರು ಎಳೆಯಲೇ ಇಲ್ಲ! ಹಿಮ್ಮಡಿ ಊರಿ, ಆಕಾಶ ನೋಡುತ್ತ, ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುವವರ ಹಾಗೆ ಹಿಂದಕ್ಕೆ ಒರಗಿದರು. ನಮ್ಮ ಕಡೆ ಎಂಟು ಜನ, ಎಂಟೂ ಜನ ನಾಯಕರು. "ಎಡಕ್ಕೆ!" "ಬಲಕ್ಕೆ!" "ಈಗ!" "ಈಗ ಅಲ್ಲ ಮಾರಾಯ!" ನಮಗೆ ಉಸಿರು ಕಟ್ಟಿದ ಹೊತ್ತಿಗೆ ಸರಿಯಾಗಿ ಬಾಯಮ್ಮನ ಎರಡೂ ಕೈ ಮೇಲೆದ್ದವು. ಒಂದು ಚಪ್ಪಾಳೆ. "ಹೂ!" ಒಂದು ಗೇಣು ಹೋಯಿತು. ಮೌನ. ಚಪ್ಪಾಳೆ. "ಹೂ!" ಇನ್ನೊಂದು ಗೇಣು. ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಕುದ್ರಿನ ಮಕ್ಕಳೆಲ್ಲ ಬ್ಯಾನರಿನ ಕೆಳಗೆ ಸಾಲಾಗಿ ನಿಂತು ಕೈ ಎತ್ತಿ ತಟ್ಟುತ್ತಿದ್ದವು. ಒಂದೊಂದೇ ಗೇಣು ಹೋಗಿ ಗೆರೆ ದಾಟಿತು. ಒಂದಕ್ಕೆ ಒಂದು!

ಮೂರನೆಯದು. ಎರಡೂ ಕಡೆ ಅಲುಗಾಟವಿಲ್ಲ. ಹಗ್ಗ ವೀಣೆಯ ತಂತಿಯ ಹಾಗೆ ಬಿಗಿದು ನಿಂತಿತು. ನನಗೆ ಎದುರಿನ ಸಾಲಿನ ತಲೆಯಲ್ಲಿ ಬಾವ ಕಂಡರು. ಕ್ಯಾಪು ಬಿದ್ದುಹೋಗಿತ್ತು, ಬೋಳುತಲೆ ಹೊಳೆಯುತ್ತಿತ್ತು, ಕಣ್ಣು ಮುಚ್ಚಿತ್ತು. ತುಟಿ ಮಾತ್ರ ಅಲ್ಲಾಡುತ್ತಿತ್ತು. ದೂರದಿಂದ ಕೇಳಿಸಲಿಲ್ಲ, ಆದರೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದದ್ದು ತಿಳಿಯಿತು. ದೋಣಿಯವನು ದಡದಲ್ಲಿ ನಿಂತು ಕೂಗುತ್ತಿದ್ದ ಹೆಸರು. ಪಾಪ, ಇರಲಿ, ಒಂದು ವರ್ಷ ಇವರೂ ಗೆಲ್ಲಲಿ ಅನ್ನಿಸಿತು. ಯಾರಿಗೂ ತಿಳಿಯದ ಹಾಗೆ ನಾನು ಹಗ್ಗವನ್ನು ಒಂದೇ ಒಂದು ಚೂರು ಸಡಿಲ ಬಿಟ್ಟೆ. ಹಗ್ಗದ ಫೋರ್ಮನ್ ನಾನು, ನನಗೆ ಗೊತ್ತಿಲ್ಲದ ಕಸುಬೇ? "ಹೂ!" ಅಂದರು. ನಾವು ಎಂಟೂ ಜನ ಒಬ್ಬರ ಮೇಲೊಬ್ಬರು ಬಿದ್ದೆವು.

ಕುದ್ರಿನವರ ಆ ಕೂಗು! ಅಕ್ಕ ಸೊಂಟದ ಹಗ್ಗ ಬಿಚ್ಚದೆಯೇ ಕುಣಿದಳು, ತನ್ನ ಹಿಂದೆ ನಮ್ಮನ್ನೂ ಸ್ವಲ್ಪ ದೂರ ಎಳೆದುಕೊಂಡು ಹೋದಳು. ಬಾಯಮ್ಮ ಐಸ್‌ಬಾಕ್ಸಿನ ಮೇಲಿಂದ ಇಳಿಯಲೊಪ್ಪಲಿಲ್ಲ. ನರ್ಸಮ್ಮ ಬಾವನನ್ನು ರೋಗಿಯನ್ನು ಎತ್ತುವ ಹಾಗೆ ಎತ್ತಿ ಹೆಗಲ ಮೇಲೆ ಕೂರಿಸಿದರು. ನಮ್ಮ ಅಧ್ಯಕ್ಷರು ನನ್ನ ಹತ್ತಿರ ಬಂದು ಹಲ್ಲು ಕಡಿದರು.

"ಬಾವನಿಗೋಸ್ಕರ ಬಿಟ್ಟದ್ದಲ್ವಾ ನೀನು? ಸತ್ಯ ಹೇಳು!"

"ಬಿಟ್ಟದ್ದೇ" ಅಂದೆ ನಾನು, ಎದೆಯುಬ್ಬಿಸಿ. "ಎಂತ ಮಾಡುದು ಹೇಳಿ? ಅಕ್ಕನ ಗಂಡ."

ಅಂದಿನಿಂದ ಕುವೈತಿನ ಪ್ರತಿಯೊಂದು ಮದುವೆಯಲ್ಲಿ, ಮಗುವಿಗೆ ಹೆಸರಿಡುವ ಬಾರಸೆಯಲ್ಲಿ, ಏರ್‌ಪೋರ್ಟಿನ ಸಾಲಿನಲ್ಲಿ ಕೂಡ ನಾನು ಈ ಕತೆ ಹೇಳುತ್ತ ಬಂದಿದ್ದೇನೆ. ಬಾವ ಪಕ್ಕದಲ್ಲಿದ್ದರೆ ತಲೆಯಾಡಿಸಿ, "ಹೌದು ಹೌದು, ಬಾವನ ದಯೆ" ಅನ್ನುತ್ತಾರೆ. ಬ್ಯಾನರ್ ಈಗಲೂ ಕುದ್ರಿನವರದ್ದೇ.

ಈಗ ಆ ಒಂದು ಸುಳ್ಳು.

ನಾನು ಹಗ್ಗ ಸಡಿಲ ಬಿಡಲಿಲ್ಲ ಮಾರ್ರೆ. ಮೀನಿನ ಪೆಟ್ಟಿಗೆ ನಿಜ, ಮಂಕಿ ಕ್ಯಾಪು ನಿಜ, ಕ್ರೇನಿನ ಫೋನೂ ನಿಜ. ಇದೊಂದು ಮಾತ್ರ ನಾನು ಕಟ್ಟಿದ್ದು. ಇದ್ದಬದ್ದ ಶಕ್ತಿಯೆಲ್ಲ ಹಾಕಿ, ಹಲ್ಲು ಕಚ್ಚಿ, ದೇವರನ್ನೂ ದೈವವನ್ನೂ ಕರೆದು ಎಳೆದೆ. ಅಕ್ಕ ನನ್ನನ್ನು ಕ್ರೇನು ಎತ್ತಿದ ಹಾಗೆ ಎತ್ತಿಕೊಂಡು ಹೋದಳು. ಮರಳಿನಲ್ಲಿ ನನ್ನ ಎರಡು ಹಿಮ್ಮಡಿಗಳು ಕೊರೆದ ಎರಡು ಆಳದ ಚರಂಡಿಗಳು, ನಾನು ನಿಂತಿದ್ದ ಜಾಗದಿಂದ ಬಿದ್ದ ಜಾಗದವರೆಗೆ ನೆಟ್ಟಗೆ ಬಿದ್ದಿದ್ದವು. ಸಡಿಲ ಬಿಟ್ಟವನ ಕಾಲು ಹಾಗೆ ಕೊರೆಯುವುದಿಲ್ಲ. ನೋಡಿದವರಿಗೆ ಯಾರೂ ಹೇಳಬೇಕಾಗಿಲ್ಲ.

ನೋಡಿದವರು ಒಬ್ಬರೇ. ನಾನು ಅಧ್ಯಕ್ಷರ ಮುಂದೆ ಎದೆಯುಬ್ಬಿಸಿ ಬುರುಡೆ ಬಿಡುತ್ತಿದ್ದಾಗ ಬಾವ ನರ್ಸಮ್ಮನ ಹೆಗಲಿನಿಂದ ಇಳಿದು, ಕ್ಯಾಪು ಹುಡುಕುವವರ ಹಾಗೆ ನಮ್ಮ ಹಿಂದೆ ಬಂದರು. ಆ ಎರಡು ಗೆರೆಗಳನ್ನು ಉದ್ದಕ್ಕೂ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಏನೂ ಆಗದವರ ಹಾಗೆ, ಒಂದು ಕಾಲನ್ನು ಮರಳಿನಲ್ಲಿ ಎಳೆಯುತ್ತ, ಈ ತುದಿಯಿಂದ ಆ ತುದಿಯವರೆಗೆ ಮೆಲ್ಲಗೆ ನಡೆದು, ಎರಡನ್ನೂ ಅಳಿಸಿಹಾಕಿದರು.

ವರ್ಷವಿಡೀ ಆಸೆಪಟ್ಟು ಗೆದ್ದ ಗೆಲುವಿಗೆ ಇದ್ದ ಸಾಕ್ಷಿ ಅದೊಂದೇ. ಅದನ್ನು ಅವರೇ ತಮ್ಮ ಕಾಲಿನಿಂದ ಒರೆಸಿದರು, ಬಾಯಿಬಡುಕ ಬಾವನ ಮರ್ಯಾದೆಗೋಸ್ಕರ.

ಬಾವ, ಓದುತ್ತಿದ್ದೀರಲ್ಲ? ಇಗೊಳ್ಳಿ, ನೀವು ಅಳಿಸಿದ ಆ ಎರಡು ಗೆರೆಗಳನ್ನು ದೊಡ್ಡ ಅಕ್ಷರದಲ್ಲಿ ಮತ್ತೆ ಗೀಚಿದ್ದೇನೆ. ಕುದ್ರಿನವರೇ ಎಳೆದರು. ದಡದವನು ಎಳೆಸಿಕೊಂಡು ಹೋದ.